ಮಾನಮ್ಮನ ಗದ್ದೆಯಲ್ಲಿ ಹಿಮ ಕಡಿಮೆಯಾದದ್ದು

ಕಾಶ್ಮೀರದಲ್ಲಿ ಹಿಮ ಸಾಲದೆ ಹೋದ ವರ್ಷ ನಾನು ಬಾಯಿಂದ ಉಸಿರು ಬಿಟ್ಟು, ಅದು ಹೆಪ್ಪುಗಟ್ಟಿ ನೆಲಕ್ಕೆ ಬೀಳುವವರೆಗೆ ಕಾದು, ಅದರ ಮೇಲೆ ಹಿಮಗಾಡಿ ಓಡಿಸಿಕೊಂಡು ಹದಿನೆಂಟು ಮೈಲಿ ಹೋಗಿ ಬಂದವನು. ಬರುವಾಗ ಹೊಸ ಉಸಿರು ಖರ್ಚಾಗಲಿಲ್ಲ. ಹೋಗುವಾಗ ಬಿಟ್ಟದ್ದೇ ದಾರಿಯುದ್ದಕ್ಕೂ ಬಿದ್ದಿತ್ತು.

ಈ ಸಂಗತಿಯನ್ನು ಭೀಮರಾಯನಗುಡಿಯ ಸಂಗಣ್ಣನ ಹೋಟೆಲಿನಲ್ಲಿ ನಾನು ಆರು ವರ್ಷ ಹೇಳಿದ್ದೇನೆ. ಒಂದು ಪ್ಲೇಟು ಸುಸಲಾ, ಎರಡು ಮಿರ್ಚಿ, ಒಂದು ಹಿಮಗಾಡಿ, ಇಷ್ಟಾದರೆ ಅಲ್ಲಿ ಬೆಳಗಿನ ನಾಷ್ಟಾ ಮುಗಿದಂತೆ. ಸೂಗಪ್ಪ ಎಂಬ ನನ್ನ ಹೆಸರಿಗೆ ಜನರೇ ಮುಂದೊಂದು ಮಾತು ಸೇರಿಸಿ ‘ಬರಫ್ ಸೂಗಪ್ಪ’ ಎಂದು ಕರೆಯುತ್ತಿದ್ದರು. ಬ್ಯಾಸಗಿಯಲ್ಲಿ ಕಾಗೆಗಳು ಕರೆಂಟ್ ಕಂಬದ ನೆರಳಿಗೆ ಸಾಲುಗಟ್ಟಿ ನಿಲ್ಲುವ ಶಹಾಪುರ ಸೀಮೆಯಲ್ಲಿ ಇದು ಸಣ್ಣ ಬಿರುದಲ್ಲ.

ನನ್ನ ವಿದ್ಯೆಯ ತಿರುಳೆಲ್ಲ ಜಾರುಪಟ್ಟಿಯಲ್ಲಿತ್ತು. ಗೊತ್ತಿಲ್ಲದವರಿಗಾಗಿ ಹೇಳಿಬಿಡುತ್ತೇನೆ. ಹಿಮಗಾಡಿಗೆ ಮುಂದೆ ಎರಡು ಹಲಗೆ, ಹಿಂದೆ ಒಂದು ಅಗಲವಾದ ರಬ್ಬರಿನ ಪಟ್ಟಾ. ಆ ಪಟ್ಟಾ ಸುತ್ತುವುದು ಒಳಗಿರುವ ಎರಡು ಪ್ಲಾಸ್ಟಿಕ್ ಪಟ್ಟಿಗಳ ಮೇಲೆ ಜಾರುತ್ತ. ಅವಕ್ಕೆ ಎಣ್ಣೆ ಬೇಡ, ಗ್ರೀಸು ಬೇಡ; ಹಿಮವೇ ಅವುಗಳ ಎಣ್ಣೆ. ಹಿಮ ತೆಳುವಾಯಿತೋ, ಪಟ್ಟಿಗಳು ಕಾದು, ಬೆಣ್ಣೆಯ ಹಾಗೆ ಮೆತ್ತಗಾಗಿ, ಸವೆದು ಹೋಗುತ್ತವೆ. ಹಿಮ ಕಡಿಮೆ ಇದ್ದಾಗ ಜಾರುಪಟ್ಟಿಯನ್ನು ಬಾಳಿಸುವುದೇ ನಿಜವಾದ ಗಂಡಸಿನ ಕೆಲಸ.

“ಮಂದೀದು ಒಂದು ಥಂಡಿಕಾಲಕ್ಕ ಸವದು ಹೋಗತಿತ್ತು,” ಎನ್ನುತ್ತಿದ್ದೆ ನಾನು. “ನಂದು ಏಳು ಥಂಡಿಕಾಲ ಬಂತು. ಬಿಚ್ಚಿ ನೋಡಿದ್ರ ಮೊದಲಿಗಿಂತ ದಪ್ಪ ಆಗಿತ್ತು.”

“ನೀ ಇದ್ದಿದ್ದ ಎರಡ ವರ್ಷ ಅಲ್ಲೇನೋ?” ಎಂದು ಸಂಗಣ್ಣ ಮಿರ್ಚಿ ಕರಿಯುತ್ತಲೇ ಕೇಳುತ್ತಿದ್ದ.

“ಅಲ್ಲಿ ಥಂಡಿಕಾಲ ವರ್ಷಕ್ಕ ಮೂರ್ನಾಕ ಬರತಾವೋ ಸಂಗಣ್ಣ. ನೀ ಎಣ್ಣಿ ಮುಂದ ಕುಂತಾಂವ, ನಿನಗ ಹ್ಯಾಂಗ ತಿಳೀಬೇಕು?”

ಎಲ್ಲರೂ ನಗುತ್ತಿದ್ದರು. ನಗದವನು ಒಬ್ಬನೇ, ಕಾಲುವೆಯ ಲಸ್ಕರ ಸಾಬಣ್ಣ. ಗೇಟು ಏರಿಸುವುದು, ಇಳಿಸುವುದು ಅವನ ಕೆಲಸ. ಮೂಲೆಯಲ್ಲಿ ಕೂತು ಚಹಾ ಬಸಿಗೆ ಸುರುವಿಕೊಂಡು ಕುಡಿಯುತ್ತಿದ್ದ, ಮಾತು ಮುಗಿದ ಮೇಲೆ ಬಸಿ ಮಗುಚಿಟ್ಟು ಎದ್ದು ಹೋಗುತ್ತಿದ್ದ. ಪಾಪ, ತಿಳಿವಳಿಕೆ ಕಡಿಮೆ ಎಂದು ನಾನು ಅವನನ್ನು ಕ್ಷಮಿಸಿದ್ದೆ.

ನಕ್ಕವರು ನಂಬುತ್ತಿದ್ದರೇ? ಅದು ಬೇರೆ ಮಾತು. ಏಳು ಊರಿನಲ್ಲಿ ನನ್ನನ್ನು ಒಂದಕ್ಷರ ಬಿಡದೆ ನಂಬಿದವಳು ಒಬ್ಬಳೇ ಇದ್ದಳು, ನನ್ನ ಅಕ್ಕ ಮಾನಮ್ಮ. ಗಂಡ ತೀರಿದ ಮೇಲೆ ಉಪಕಾಲುವೆಯ ಮಗ್ಗುಲಿನ ಮೂರು ಎಕರೆ ಗದ್ದೆಯನ್ನು ಒಬ್ಬಳೇ ಮಾಡುತ್ತಿದ್ದಳು. ಆಕೆಯ ವರ್ಷದ ಊಟ, ಹಬ್ಬ, ಮೊಮ್ಮಕ್ಕಳ ಬಟ್ಟೆ, ಎಲ್ಲವೂ ಆ ಮೂರು ಎಕರೆಯ ನೆಲ್ಲಿನಿಂದಲೇ ಬರಬೇಕು. ಅಕ್ಕ ಯಾರ ಮನೆಗೆ ಹೋದರೂ ಕೂಡುವ ಮೊದಲೇ, “ನನ್ನ ತಮ್ಮ ಬರಫಿನ್ಯಾಗ ಗಾಡಿ ಓಡಿಸಿದಾಂವ,” ಎಂದು ಹೇಳಿಯೇ ಕೂಡುತ್ತಿದ್ದಳು.

ಆ ವರ್ಷ ಮೊದಲ ಬೆಳೆಯ ಕೊಯ್ಲು ಬಂತು. ಶಹಾಪುರದ ಮೈನುದ್ದೀನ ಅಣ್ಣತಮ್ಮಂದಿರ ಜೊತೆ ಕೂಡಿ ಒಂದು ಹಳೆಯ ಚೈನ್ ಮಷೀನು ತಂದಿದ್ದ. ಗಾಲಿಯ ಬದಲು ರಬ್ಬರಿನ ಪಟ್ಟಾದ ಮೇಲೆ ನಡೆಯುತ್ತ ನೆಲ್ಲು ಕೊಯ್ದು, ಬಡಿದು, ಕಾಳು ಬೇರೆ ಹುಲ್ಲು ಬೇರೆ ಮಾಡುವ ಯಂತ್ರ. ಮೀಸೆ ಈಗ ತಾನೇ ಗಟ್ಟಿಯಾದ ಹುಡುಗನಾದರೂ ಕೆಲಸದಲ್ಲಿ ಹುಷಾರು. ಸೋಮವಾರ ಅಕ್ಕನ ಗದ್ದೆ, ಮಂಗಳವಾರದಿಂದ ಸುರಪುರದ ಕಡೆ ಹದಿನೈದು ಮಂದಿಯ ಗದ್ದೆ ಎಂದು ಅವನು ಒಪ್ಪಿಕೊಂಡಿದ್ದ.

ಸೋಮವಾರ ಮುಂಜಾನೆ ಅಕ್ಕನ ಫೋನು ಬಂತು.

“ಸೂಗೂ, ಮಷೀನ್ ಎರಡ ಸುತ್ತ ಬಂದು ಕಿರ್ರ್ ಅನ್ನಾಕತ್ಯದ. ರಬ್ಬರ್ ಸುಟ್ಟ ವಾಸನಿ ಬೇರೆ. ಈ ಹುಡುಗ ಬಿಚ್ಚಿ ನೋಡತೀನಿ ಅಂತಾನ. ನಾ ಅಂದೆ, ನಿಂದ್ರು, ನನ್ನ ತಮ್ಮ ಬರತನಕ ಕೈ ಹಚ್ಚಬ್ಯಾಡ ಅಂತ.”

ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೆ. ಪರಿಣತರನ್ನು ಕರೆದಾಗ ಪರಿಣತರ ಹಾಗೆ ಹೋಗಬೇಕು. ಹೆಂಡತಿ ರೇಣಮ್ಮ ಬಾಗಿಲಲ್ಲಿ ಅಡ್ಡ ನಿಂತಳು.

“ಹೋಗ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಬಾಯಿ ಇಲ್ಲೇ ಬಿಟ್ಟು ಹೋಗ್ರಿ. ಅಕ್ಕನ ಗದ್ದಿ ಅದು, ಸಂಗಣ್ಣನ ಹೋಟೆಲ್ ಅಲ್ಲ.”

“ನನ್ನ ಅನುಭವ ನಿನಗೇನ ಗೊತ್ತು?” ಎಂದು ಬೈಕು ಹತ್ತಿದೆ.

ಗದ್ದೆಯಲ್ಲಿ ಬಂಗಾರದ ಬಣ್ಣದ ನೆಲ್ಲು ತಲೆಬಾಗಿ ನಿಂತಿತ್ತು. ಅಕ್ಕ ಹದಿನೈದು ದಿನದ ಹಿಂದೆಯೇ ನೀರು ಬಸಿದು ಗದ್ದೆ ಒಣಗಿಸಿದ್ದಳು. ಎರೆ ಮಣ್ಣು ಬಿರಿದು ಕೈ ಹೋಗುವಷ್ಟು ಸೀಳು ಬಿಟ್ಟಿತ್ತು. ನಡುವೆ ಮಷೀನು ನಿಂತಿತ್ತು. ಬದುವಿನ ಮೇಲೆ ಆರೇಳು ಜನ ಆಗಲೇ ಸೇರಿದ್ದರು. ಪರಿಣತರು ಬರುವ ಸುದ್ದಿ ಊರಿಗೆ ಬೇಗ ಮುಟ್ಟುತ್ತದೆ.

ನಾನು ಮಷೀನಿನ ಸುತ್ತ ಮೂರು ಸುತ್ತು ಬಂದೆ. ಪಟ್ಟಾಕ್ಕೆ ಕಿವಿ ಹಚ್ಚಿದೆ. ಬೆರಳಿಂದ ಬಡಿದೆ. ಗ್ರೀಸನ್ನು ಮೂಸಿ, ನಾಲಿಗೆಗೂ ತುಸು ಹಚ್ಚಿ ನೋಡಿದೆ. ಬದುವಿನ ಮೇಲಿನವರು ಉಸಿರು ಬಿಗಿ ಹಿಡಿದಿದ್ದರು. ಕೊನೆಗೆ ಕೈ ಜಾಡಿಸಿ ಹೇಳಿದೆ:

“ಹಿಮ ಕಡಿಮಿ ಆಗ್ಯದ.”

ಮೈನುದ್ದೀನ ಕಣ್ಣು ಪಿಳಿಪಿಳಿ ಮಾಡಿದ. “ಶಹಾಪುರದಾಗ ಹಿಮ ಜಾಸ್ತಿ ಯಾವಾಗಿತ್ತು, ಮಾಮಾ?”

“ಅದನ್ನ ಹೇಳಾಕತ್ತೇನಿ. ಅಲ್ಲಿ ಹಿಮ, ಇಲ್ಲಿ ಹಸಿ. ಪಟ್ಟಾ ಒಂದ, ಜಾರುಪಟ್ಟಿ ಒಂದ, ನಿಯಮ ಒಂದ. ಒಣ ನೆಲದಾಗ ಓಡಿಸಿದ್ರ ಕಾದು ಸವದು ಹೋಗತದ. ಕೆಳಗ ಒಂದು ಚೂರು ತಂಪು ಬೇಕು. ನೀರ ಬಿಡ್ರಿ.”

“ಎಲ್ಲಿಗ್ರಿ?”

“ಗದ್ದಿಗಿ.”

ಮೈನುದ್ದೀನ ತಲೆಯ ಮೇಲಿನ ವಸ್ತ್ರ ತೆಗೆದು ಮುಖ ಒರೆಸಿಕೊಂಡ. “ಮಾಮಾ, ಸಿಟ್ಟ ಆಗಬ್ಯಾಡ್ರಿ. ನೀರ ಬಸಿದು ಒಣಗಿಸಿದ್ದ ಮಷೀನ್ ಬರಲಿ ಅಂತ. ಇದು ಎರಿ ಭೂಮಿ. ನೀರ ಕುಡಿದ್ರ ಅಂಟಿನಂಗ ಹಿಡೀತದ. ಒಳಗ ಏನರ ಸಿಕ್ಕಿರಬೇಕು, ಅರ್ಧಾ ತಾಸು ಕೊಡ್ರಿ, ಬಿಚ್ಚಿ ನೋಡತೀನಿ.”

ಇಲ್ಲಿ ನಾನು ಹೌದು ಎಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಬದುವಿನ ಮೇಲೆ ಆರೇಳು ಜನ ಇದ್ದುದು ಹತ್ತು ಹನ್ನೆರಡು ಆಗಿದ್ದರು. ಹೌದು ಎನ್ನಲು ನನಗೆ ಬಾಯಿ ಬರಲಿಲ್ಲ. ನಾನು ಸುಮ್ಮನೆ ಹಿಮಾಲಯದ ದಿಕ್ಕಿಗೆ ನೋಡಿದೆ. ಅಕ್ಕ ನನ್ನ ಪರವಾಗಿ ಮಾತಾಡಿದಳು.

“ಏ ಮೈನು, ನೀ ಸುರಪುರ ದಾಟಿ ಎಲ್ಲಿಗಿ ಹೋಗೀದಿ? ಅಂವ ಕಾಶ್ಮೀರ ನೋಡ್ಯಾನ. ಸೂಗೂ, ನೀ ಬಿಡೋ ನೀರ.”

ಅವತ್ತು ಉಪಕಾಲುವೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು. ಆದರೆ ಪಾಳಿ ನಮ್ಮದಲ್ಲ, ಕೆಳಗಿನ ಕೊನೆಯಂಚಿನವರ ಮೆಣಸಿನಕಾಯಿ ಹೊಲಗಳದು. ಪಾಳಿ ಬಿಟ್ಟು ನೀರು ತಗೊಳ್ಳುವುದು ನಮ್ಮಲ್ಲಿ ಒಬ್ಬರ ತಾಟಿನಿಂದ ರೊಟ್ಟಿ ಎತ್ತಿದ ಹಾಗೆ. ಒಂದು ಚಪಾತಿಯ ದಪ್ಪ ನೀರಿಗೆ ಯಾರು ಕೇಳುತ್ತಾರೆ ಎಂದುಕೊಂಡು ನಾನು ತೂಬಿನ ಹಲಗೆಗೆ ಕೈ ಹಾಕಿದೆ. ಆ ಹಲಗೆಯನ್ನು ನಾಲ್ಕು ಜನ ಎತ್ತಬೇಕು. ನಾನು ಒಬ್ಬನೇ, ಅದೂ ಎಡಗೈಯಲ್ಲಿ, ಎತ್ತಿದೆ.

ಹಲಗೆ ಏರಿತು. ಇಳಿಯಲಿಲ್ಲ.

ನೀರಿನ ರಭಸಕ್ಕೆ ಅದು ಓರೆಯಾಗಿ ಚೌಕಟ್ಟಿನ ಸಂದಿನಲ್ಲಿ ಸಿಕ್ಕಿಕೊಂಡಿತು. ನಾನು ಬಲಗೈ ಹಾಕಿದೆ, ಕಾಲು ಹಾಕಿದೆ, ಮೇಲೆ ಕೂತೂ ನೋಡಿದೆ. ನೀರು ಗದ್ದೆಗೆ ಅತ್ತೆಯ ಮನೆಗೆ ಬಂದ ಹೊಸ ಅಳಿಯನ ಹಾಗೆ ದುಡುದುಡು ನುಗ್ಗುತ್ತಿತ್ತು. ಚಪಾತಿಯ ದಪ್ಪವಾಯಿತು, ರೊಟ್ಟಿಯ ದಪ್ಪವಾಯಿತು, ಹಿಮ್ಮಡಿ ಮುಳುಗಿತು.

ಅಕ್ಕ ಗದ್ದೆಯೊಳಗಿಂದ ಕೂಗಿದಳು, “ಸೂಗೂ, ಹಿಮ ಸಾಕಾತೇನೋ?”

ಹಲಗೆ ಇಳಿಯುತ್ತಿಲ್ಲ ಎಂದು ಹೇಳಬೇಕಾಗಿತ್ತು. ನನ್ನ ಬಾಯಿಂದ ಬಂದದ್ದು, “ಇನ್ನೊಂದು ಚೂರು, ಅಕ್ಕಾ!”

ಅರ್ಧ ತಾಸಿನ ಮೇಲೆ ಆಕೆ ಮತ್ತೆ ಕೂಗಿದಳು, “ಮೊಣಕಾಲಿಗಿ ಬಂತೋ!”

“ಅಲ್ಲಿ ನಡು ಮಟಾ ಇರತದ, ಅಕ್ಕಾ!” ಎಂದೆ ನಾನು, ಹಲಗೆಯ ಮೇಲೆ ಜಿಗಿಯುತ್ತ.

ಇನ್ನು ತಡ ಮಾಡಿದರೆ ಮಾನ ಹೋಗುತ್ತದೆ ಎಂದು ನಾನೇ ಓಡಿ ಬಂದು, “ಹತ್ತು ಮೈನು, ಹಚ್ಚು!” ಎಂದೆ. ಮೈನುದ್ದೀನ ದೇವರ ಹೆಸರು ಹೇಳಿ ಮಷೀನು ಹಚ್ಚಿದ. ಅದು ಒಂದು ಸಲ ಗುಟುರು ಹಾಕಿ ಮುಂದೆ ಸರಿಯಿತು. ಹತ್ತು ಮಾರು ಹೋಯಿತು. ಎಲ್ಲರೂ ಕಿವಿಗೊಟ್ಟರು. ಕಿರ್ರ್ ಎನ್ನುವ ಸದ್ದು ಇರಲಿಲ್ಲ!

ಬದುವಿನ ಮೇಲೆ ಚಪ್ಪಾಳೆ ಬಿತ್ತು. “ಅರೆ, ಬರಫ್ ಸೂಗಪ್ಪ ಖರೇನ ಬರಫ್ ಸೂಗಪ್ಪ ಅದಾನೋ!” ಎಂದು ಯಾರೋ ಕೂಗಿದರು. ಅಕ್ಕ ಸೆರಗಿನಿಂದ ಕಣ್ಣೊತ್ತಿಕೊಂಡಳು. ನಾನು ಎರಡೂ ಕೈ ಎತ್ತಿ ನಮಸ್ಕಾರ ಮಾಡಿದೆ. ನನ್ನ ಜೀವಮಾನದ ದೊಡ್ಡ ಗಳಿಗೆ ಅದು. ಸುಮಾರು ಒಂದೂವರೆ ನಿಮಿಷ ಇತ್ತು.

ಸದ್ದು ನಿಂತದ್ದು ಮಷೀನು ನಿಂತದ್ದರಿಂದ ಎಂದು ಮೊದಲು ಕಂಡುಕೊಂಡವನು ಸೂಗಪ್ಪನೆಂಬ ಮಹಾಪರಿಣತನಲ್ಲ, ಬದುವಿನ ಮೇಲಿದ್ದ ಪಕ್ಕದ ಗದ್ದೆಯ ಖಂಡಪ್ಪ. “ಏ, ಅದು ಮುಂದ ಹೊಂಟಿಲ್ಲೋ,” ಎಂದ. “ಕೆಳಗ ಹೊಂಟದ!”

ನೋಡುತ್ತಿದ್ದ ಹಾಗೇ ಪಟ್ಟಾ ಪೂರ್ತಿ ಎರೆ ಮಣ್ಣಿನೊಳಗೆ ಇಳಿಯಿತು. ಮೈನುದ್ದೀನ ಹಿಂದಕ್ಕೆ ಎಳೆದ, ಇನ್ನೊಂದು ಗೇಣು ಇಳಿಯಿತು. ಮುಂದಕ್ಕೆ ಒತ್ತಿದ, ಮುಂದಿನ ಕೊಯ್ಯುವ ಬಾಯಿ ಕೆಸರು ತಿನ್ನತೊಡಗಿತು. ಖಂಡಪ್ಪ ಹುರುಪಿನಿಂದ ತನ್ನ ಟ್ರ್ಯಾಕ್ಟರ್ ತಂದು ಹಗ್ಗ ಕಟ್ಟಿದ. ಐದು ನಿಮಿಷದಲ್ಲಿ ಗದ್ದೆಯಲ್ಲಿ ಮಷೀನಿನ ಜೊತೆಗೆ ಒಂದು ಟ್ರ್ಯಾಕ್ಟರೂ ಹೂತು ಕೂತಿತ್ತು. ಖಂಡಪ್ಪ ಸೀಟಿನ ಮೇಲೆ ನಿಂತು ನನ್ನ ವಂಶವನ್ನು ಹಿಂದಿನಿಂದ ಮುಂದಕ್ಕೆ ಬೈಯತೊಡಗಿದ. ಎಳೆದಾಟದಲ್ಲಿ ಸುತ್ತಲಿನ ನೆಲ್ಲು ಮಲಗಿತು. ಬುಡ ಸಡಿಲಾದ ಉಳಿದ ನೆಲ್ಲೂ ಗಾಳಿಗೆ ಒಂದೊಂದೇ ಮಡಿ ನೀರಿಗೆ ಒರಗಿತು. ನೀರಿಗೆ ಬಿದ್ದ ತೆನೆ ಎರಡು ದಿನಕ್ಕೆ ಮೊಳಕೆ ಒಡೆಯುತ್ತದೆ.

“ಗುಲ್ಮಾರ್ಗನ್ಯಾಗ ಹಿಂಗಾದ್ರ...” ಎಂದು ನಾನು ಶುರು ಮಾಡಿದೆ. ಯಾರೂ ನನ್ನ ಕಡೆ ತಿರುಗಲಿಲ್ಲ.

ಅಷ್ಟರಲ್ಲಿ ಸಾಬಣ್ಣ ಬಂದ. ಕೊನೆಯಂಚಿನವರು ನೀರು ನಿಂತಿತೆಂದು ಫೋನ್ ಮಾಡಿದ್ದರು. ಸೈಕಲ್ಲು ನಿಲ್ಲಿಸಿ, ತೂಬಿಗೆ ಇಳಿದು, ಹಲಗೆಗೆ ಭುಜ ಕೊಟ್ಟು ಒಂದು ಸಲ ಒದ್ದ. ಅದು ಮನೆ ಬೆಕ್ಕಿನ ಹಾಗೆ ಸುಮ್ಮನೆ ಇಳಿದು ಕೂತಿತು. ನಂತರ ಗದ್ದೆಯ ಕಡೆ ನೋಡಿದ.

ಈಗ ಅಕ್ಕನ ಧ್ವನಿ ಎದ್ದಿತು. ಬೈದದ್ದು ನನ್ನನ್ನಲ್ಲ.

“ಏ ಮೈನು! ಮಷೀನ್ ಓಡಸಾಕ ಬರತದೋ ಇಲ್ಲೋ ನಿನಗ? ನನ್ನ ತಮ್ಮ ಅಷ್ಟ ಛಂದ ಹದ ಮಾಡಿ ಕೊಟ್ಟ. ಚಪ್ಪಾಳಿ ಹೊಡದರು ಮಂದಿ. ನೀ ಹೋಗಿ ಹುಗದಿ! ನನ್ನ ಮೂರ ಎಕರಿ ನೀರಪಾಲ ಮಾಡಿದಿ!”

“ಅವ್ವಾ, ನಾ ಮೊದಲ ಬ್ಯಾಡ ಅಂದೀನಿ...”

“ಬ್ಯಾಡ ಅಂದಾಂವ ಯಾಕ ಹತ್ತಿದಿ? ನಾಳಿ ಸುರಪುರದವರಿಗಿ ನಾನ ಫೋನ್ ಹಚ್ಚತೀನಿ. ಈ ಹುಡುಗನ್ನ ಗದ್ದಿಗಿ ಬಿಟ್ಟಕೋಬ್ಯಾಡ್ರಿ, ಸುಳ್ಳ ಹೆಸರಿನ ಮಷೀನ್ ಅದು ಅಂತ.”

ಬದುವಿನ ಮೇಲೆ ಕೆಲವರು ತಲೆಯಾಡಿಸಿದರು. ಹದಿನೈದು ಮಂದಿಯ ಕೊಯ್ಲು ಅಲ್ಲೇ ಗಾಳಿಗೆ ಹೋಗುತ್ತಿರುವುದು ಮೈನುದ್ದೀನನ ಮುಖದಲ್ಲಿ ಕಾಣುತ್ತಿತ್ತು. ಅವನು ನನ್ನ ಕಡೆ ನೋಡಿದ. ಮಾಮಾ, ಒಂದು ಮಾತು ಹೇಳ್ರಿ ಎನ್ನುವ ನೋಟ. ನಾನು ಬೂಟಿನ ಕೆಸರನ್ನು ಬಹಳ ಎಚ್ಚರಿಕೆಯಿಂದ ನೋಡಿದೆ.

ಅವನು ಕೆಸರಿಗಿಳಿದು, ಪಟ್ಟಾದ ಸಂದಿಗೆ ಭುಜದವರೆಗೆ ಕೈ ತೂರಿಸಿ ತಡಕಾಡಿದ. ಕೊನೆಗೆ ಒಂದು ಮುಷ್ಟಿಯಷ್ಟು ಹೊಸೆದ ಹುಲ್ಲನ್ನೂ ಅದರೊಳಗೆ ಸಿಕ್ಕಿದ್ದ ಬೆಣಚುಕಲ್ಲನ್ನೂ ಎಳೆದು ಬದುವಿಗೆ ಒಗೆದ. “ಇದ ನೋಡ್ರಿ ಕಿರಗುಡತಿದ್ದದ್ದು,” ಎಂದ.

ಸಾಬಣ್ಣ ಆ ಕಲ್ಲನ್ನು ಎತ್ತಿ ನೋಡಿದ. ಆಮೇಲೆ, ಆರು ವರ್ಷದಲ್ಲಿ ಮೊದಲ ಸಲ, ನನ್ನನ್ನು ಒಂದು ಪ್ರಶ್ನೆ ಕೇಳಿದ.

“ಸೂಗಪ್ಪಣ್ಣ, ಅಲ್ಲಿ ಹಿಮ ಕಡಿಮಿ ಆದಾಗ ಏನ ಮಾಡತಿದ್ರಿ?”

“ಇದನ್ನ. ನೀರ ಹಾಕತಿದ್ವಿ.”

“ಥಂಡಿ ಎಷ್ಟಿತ್ರಿ?”

“ಸೊನ್ನಿಗಿಂತ ಕೆಳಗ ನಲವತ್ತು!” ಎಂದೆ, ಎದೆ ಮುಂದೆ ಮಾಡಿ.

“ಅಷ್ಟ ಥಂಡ್ಯಾಗ ನೀರ ಹಾಕಿದ್ರ ಪಟ್ಟಾ ನೆಲಕ್ಕ ಹೆಪ್ಪಗಟ್ಟಿ ಹಿಡಿಯಂಗಿಲ್ಲೇನ್ರಿ?”

ಬದುವಿನ ಮೇಲೆ ಯಾರೋ ಪಕ್ಕನೆ ನಕ್ಕರು.

“ನಾ ಫೌಜಿನ್ಯಾಗ ಎಂಟ ವರ್ಷ ಲಡಾಖದಾಗ ಇದ್ದೆ,” ಎಂದ ಸಾಬಣ್ಣ, ಪಾಳಿಯ ದಿನ ಹೇಳುವ ಧ್ವನಿಯಲ್ಲೇ. “ಆ ಗಾಡಿ ಓಡಿಸೀನಿ. ಹಿಮ ಕಡಿಮಿ ಇದ್ದಾಗ ಸಾವಕಾಶ ಹೋಗತಿದ್ವಿ. ಪಟ್ಟಾ ಬಾಳ ಬಿಗೀತಿರಲಿಲ್ಲ. ಸಣ್ಣ ಗಾಲಿ ಒಂದೆರಡ ಹೆಚ್ಚಿಗಿ ಹಾಕತಿದ್ವಿ. ನೆಲ ಕೆರದು ಹಿಮದ ಪುಡಿ ಹಾರಿಸೋ ತಂತಿ ಇರತಾವ, ಅವನ್ನ ಇಳಿಸತಿದ್ವಿ. ಮೆತ್ತನ ಹಿಮ ಕಂಡಲ್ಲಿ ನಿಂತು ಪಟ್ಟಿ ತಂಪ ಮಾಡಕೋತಿದ್ವಿ. ಇಷ್ಟರಿ. ನೀರ ಯಾರೂ ಹಾಕತಿರಲಿಲ್ಲ.”

“ಮತ್ತ ಆರ ವರ್ಷ ಯಾಕ ಸುಮ್ನ ಕುಂತಿದ್ಯೋ ಸಾಬಣ್ಣ?” ಎಂದು ಖಂಡಪ್ಪ ಟ್ರ್ಯಾಕ್ಟರಿನ ಮೇಲಿಂದಲೇ ಕೇಳಿದ.

“ಕೇಳಾಕ ಛಂದ ಇತ್ತು,” ಎಂದ ಸಾಬಣ್ಣ.

ಅಕ್ಕ ಅವನ ಮೇಲೆ ಏರಿ ಹೋದಳು. “ಏ ಲಸ್ಕರ, ನೀ ನೋಡಿದ ಕಾಶ್ಮೀರ ಬೇರೆ ಇರಬೇಕು. ನನ್ನ ತಮ್ಮ ಸುಳ್ಳ ಹೇಳಾಂವಲ್ಲ. ಇವತ್ತು ಅವಂದು ತಪ್ಪಿದ್ರ ಈ ಕೆಸರ ತಿಂತೀನಿ ನಾ. ತಪ್ಪ ಈ ಹುಡುಗಂದು!” ಎಂದವಳೇ ಕೆಸರಲ್ಲಿ ನಿಂತ ಮೈನುದ್ದೀನನ ಕಡೆ ಕೈ ಮಾಡಿದಳು.

ಇನ್ನೊಂದು ಸುಳ್ಳು ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು. ಒಳ್ಳೆಯ ಸುಳ್ಳೇ. ಗುಲ್ಮಾರ್ಗಿನ ನೀರಿಗೆ ಉಪ್ಪು ಹಾಕುತ್ತಿದ್ದೆವು, ಹೆಪ್ಪುಗಟ್ಟುತ್ತಿರಲಿಲ್ಲ ಎಂದು. ಅಕ್ಕ ನಂಬುತ್ತಿದ್ದಳು. ಮೈನುದ್ದೀನನ ಅನ್ನ ಹೋಗುತ್ತಿತ್ತು. ಅವನ ಅಂಗಿಯ ತೋಳಿನಿಂದ ಕೆಸರು ತೊಟ್ಟಿಕ್ಕುತ್ತಿತ್ತು. ನಾನು ಆ ಸುಳ್ಳನ್ನು ನುಂಗಿದೆ. ಗ್ರೀಸಿಗಿಂತ ಕಹಿ ಇತ್ತು.

“ಅಕ್ಕಾ, ಹುಡುಗನ ತಪ್ಪಲ್ಲ,” ಎಂದೆ. “ನಾ ಕಾಶ್ಮೀರ ನೋಡಿಲ್ಲ.”

“ಏನಂದಿ?”

“ಹೈದರಾಬಾದ್ ದಾಟಿ ಒಂದ ಹೆಜ್ಜಿ ಮುಂದ ಹೋಗಿಲ್ಲ. ಡ್ರೈವರ್ ಆಗತೀನಿ ಅಂತ ಹೇಳಿ ಹ್ವಾದೆ, ಯಾರೂ ಗಾಡಿ ಕೊಡಲಿಲ್ಲ. ಒಂದು ಐಸ್ ಫ್ಯಾಕ್ಟರ್‍ಯಾಗ ಬರಫಿನ ಗಡ್ಡಿಗಿ ಹೊಟ್ಟು ಹಚ್ಚಿ ಗೋಣಿಚೀಲ ಸುತ್ತಾಕ ಇಟ್ಟಕೊಂಡರು. ಎರಡ ವರ್ಷ ಅದನ್ನ ಮಾಡೀನಿ. ಅದನ್ನ ನಿನಗ ಹ್ಯಾಂಗ ಹೇಳಲಿ? ಕಾಶ್ಮೀರದಾಗ ಅದೀನಿ ಅಂತ ಹೇಳಿ ಕಳಿಸಿದೆ. ಅಲ್ಲೇ ಒಬ್ಬ ಕಾಶ್ಮೀರದ ಶಾಲು ಮಾರಾಂವ ನಮ್ಮ ಖೋಲ್ಯಾಗ ಇರತಿದ್ದ. ಹಿಮಗಾಡಿ, ಜಾರುಪಟ್ಟಿ ಎಲ್ಲಾ ಅವನ ಮಾತು. ಅದನ್ನೂ ನಾ ಪೂರ್ತಿ ಕೇಳಿರಲಿಲ್ಲ. ಹಿಮ ಕಡಿಮಿ ಆದ್ರ ಏನ ಮಾಡಬೇಕು ಅಂತ ಹೇಳೋದರಾಗ ನನಗ ನಿದ್ದಿ ಹತ್ತಿತ್ತು.”

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಸಾಬಣ್ಣ ಬೇರೆ ಕಡೆ ಮುಖ ತಿರುಗಿಸಿದ. ಖಂಡಪ್ಪನೂ ಬೈಯುವುದನ್ನು ನಿಲ್ಲಿಸಿದ್ದ. ಅಕ್ಕ ಮೈನುದ್ದೀನನ ಕಡೆ ತಿರುಗಿ, “ಮೇಲ ಬಾ ಮಗಾ, ಥಂಡಿ ಹತ್ತೀತು,” ಎಂದಳು. ಬದುವಿನ ಮೇಲಿದ್ದ ಹೆಂಗಸರಿಗೆ, “ತಿಮ್ಮವ್ವಾ, ಮನಿಗಿ ಹೋಗಿ ಕುಡಗೋಲು ಇದ್ದಷ್ಟು ತರಿಸು. ಬಿದ್ದದ್ದು ಮೊಳಕಿ ಬರೂದ್ರಾಗ ಕೈಲೆ ಕೊಯ್ಯೂಣು. ಎಷ್ಟ ಸಿಗತದ ಅಷ್ಟ,” ಎಂದಳು. ಜನ ಸರಸರನೆ ಕದಲಿದರು.

ನಾನು ಇಸ್ತ್ರಿ ಅಂಗಿಯಲ್ಲಿ ನಿಂತೇ ಇದ್ದೆ. ಅಕ್ಕ ಸೀರೆಯನ್ನು ಮೇಲೆ ಕಟ್ಟಿಕೊಂಡು ನೀರಿಗಿಳಿಯುವವಳು ಒಂದು ಗಳಿಗೆ ತಡೆದಳು. ನನ್ನ ಕಡೆ ನೋಡದೆ, ಸಣ್ಣ ಧ್ವನಿಯಲ್ಲಿ ಕೇಳಿದಳು:

“ನೀ ಅಲ್ಲಿದ್ದ ಎರಡ ಥಂಡಿಕಾಲ ನಾ ಕೌದಿ ಹೊಚ್ಚಕೊಂಡಿಲ್ಲ, ಸೂಗೂ. ನನ್ನ ತಮ್ಮ ಬರಫಿನ್ಯಾಗ ಮಲಗತಾನ, ನಾ ಹ್ಯಾಂಗ ಬೆಚ್ಚಗ ಮಲಗಲಿ ಅಂತ ಹರಕಿ ಹೊತ್ತಿದ್ದೆ. ಆ ಐಸ್ ಫ್ಯಾಕ್ಟರ್‍ಯಾಗರ ಥಂಡಿ ಇತ್ತೇನೋ?”

ಇತ್ತು ಎಂದರೆ ಸಾಕಾಗಿತ್ತು. ಆಕೆಗೆ ಬೇಕಾಗಿದ್ದದ್ದು ಅಷ್ಟೇ. ಆ ಒಂದು ಮಾತಿಗಾಗಿ ಆಕೆ ಕೆಸರಿನಲ್ಲಿ ಒಂದು ಕಾಲಿಟ್ಟು ಕಾಯುತ್ತಿದ್ದಳು.

“ಒಳಗ ಇತ್ತಕ್ಕಾ,” ಎಂದೆ. “ನನ್ನ ಕೆಲಸ ಹೊರಗ, ಬಿಸಲಾಗ ಇತ್ತು. ನಾ ಎರಡೂ ವರ್ಷ ಬೆವತೀನಿ.”